ಅದ್ರಾಮಾಕರ ಬಿಳಿ ಅಂಗಿ

ಮಡಂತ್ಯಾರಿನ ಮೆಕ್ಯಾನಿಕ್ ಅದ್ರಾಮಾಕ ತಮ್ಮ ಗ್ಯಾರೇಜಿಗೆ ಬರುತ್ತಿದ್ದುದು ಬಿಳಿ ಅಂಗಿ ಹಾಕಿಕೊಂಡು. ಮಾಸಲು ಬಿಳಿಯಲ್ಲ, ನೀಲಿ ಹಾಕಿ ಇಸ್ತ್ರಿ ಮಾಡಿದ, ಶುಕ್ರವಾರದ ನಮಾಜಿಗೆ ಹೊರಟವರ ಬಿಳಿ. ಸಂಜೆ ಬಾಗಿಲೆಳೆದು ಮನೆಗೆ ಹೋಗುವಾಗಲೂ ಅದು ಹಾಗೆಯೇ ಇರುತ್ತಿತ್ತು. ಗ್ರೀಸು, ಕರಿ ಆಯಿಲು ಎಲ್ಲ ಅವರ ಮೊಣಕೈಯವರೆಗೆ ಬಂದು, ಮುಂದೆ ಹೋಗಲು ಅಪ್ಪಣೆಯಿಲ್ಲ ಎಂಬಂತೆ ನಿಂತುಬಿಡುತ್ತಿದ್ದವು. "ಹುಡುಕುವವನ ಅಂಗಿ ಕೊಳೆ ಆಗ್ತದೆ ಅಕ್ಕ, ಗೊತ್ತಿರುವವನದ್ದು ಯಾಕೆ ಆಗ್ಬೇಕು?" ಎಂದು ನನ್ನನ್ನು ಕೇಳುತ್ತಿದ್ದರು. ವಿನಯ ಎನ್ನುವ ವಸ್ತು ಅವರ ಗ್ಯಾರೇಜಿನ ಯಾವ ಡಬ್ಬಿಯಲ್ಲೂ ಇರಲಿಲ್ಲ.

ಬಾನೆಟ್ ತೆಗೆಯುವ ಮೊದಲು ಅವರು ಗಾಡಿಯ ಯಜಮಾನನನ್ನು ಬೆಂಚಿನ ಮೇಲೆ ಕೂರಿಸಿ, ನಾಟಿ ಪಂಡಿತರ ಹಾಗೆ ಪ್ರಶ್ನೆ ಕೇಳುತ್ತಿದ್ದರು. ನಿನ್ನೆ ಎಲ್ಲಿಗೆ ಹೋದದ್ದು, ಯಾರು ಬಿಟ್ಟದ್ದು, ಏನು ಹೇರಿದ್ದು. "ಸತ್ಯ ಹೇಳಿ ಮಾರಾಯ್ರೆ, ನೀವು ಹೇಳದಿದ್ರೆ ಗಾಡಿ ಹೇಗೂ ಹೇಳ್ತದೆ." ನನಗೆ ತುಳು ಚೆನ್ನಾಗಿಯೇ ಬರುತ್ತದೆ. ಆದರೂ ಬೆಳ್ತಂಗಡಿಯ ಸರಕಾರಿ ಕಚೇರಿಯವಳೆಂದು ನನ್ನೊಡನೆ ಮಾತ್ರ ಅವರದು ಕನ್ನಡ. ಜೀಪು, ಅಂಬಾಸಿಡರುಗಳ ಕಾರ್ಬ್ಯುರೇಟರ್ ಕೆಲಸದಲ್ಲಿ ಅವರಿಗೆ ಎದುರಿಲ್ಲ ಎಂದು ಬಂಟ್ವಾಳದಿಂದ ಬೆಳ್ತಂಗಡಿಯವರೆಗೆ ಎಲ್ಲರೂ ಒಪ್ಪುತ್ತಿದ್ದರು. ಆದರೆ ಕಂಪ್ಯೂಟರ್ ಇರುವ ಕಾರುಗಳು ಬರತೊಡಗಿದ ಮೇಲೆ, "ಅದ್ರಾಮ ಬ್ಯಾರಿಯ ಕಾಲ ಮುಗಿಯಿತು" ಎಂಬ ಮಾತೂ ಪೇಟೆಯಲ್ಲಿ ಹುಟ್ಟಿಕೊಂಡಿತ್ತು. ಗ್ಯಾರೇಜಿನ ಅಂಗಳ ಖಾಲಿ ಖಾಲಿ ಕಾಣುತ್ತಿತ್ತು.

ಅಂಥ ದಿನಗಳಲ್ಲಿ ನಾನು ಒಂದು ಹಳೆಯ ಕಾರು ಕೊಂಡೆ. ಕಂಪ್ಯೂಟರಿನ ಮೊದಮೊದಲ ಕಾರುಗಳಲ್ಲಿ ಒಂದು. ಮನೆಯಲ್ಲಿ ಕಾರು ಬಿಡಲು ಕಲಿತ ಮೊದಲ ಹೆಂಗಸು ನಾನೇ. ತಂಗಿ ಶಶಿಯ ಮದುವೆ ಮೂಡುಬಿದಿರೆಯ ಹಾಲ್‌ನಲ್ಲಿ ನಿಶ್ಚಯವಾದಾಗ ಅವಳು ಒಂದೇ ಒಂದು ಆಸೆ ಹೇಳಿದಳು: "ಮದುಮಗಳ ಕಾರು ನೀನೇ ಬಿಡ್ಬೇಕು ಅಕ್ಕ." ಅಪ್ಪ ಇಲ್ಲದ ನಮ್ಮನ್ನು ಸಾಕಿದ ಸಂಜೀವ ಮಾವನಿಗೆ ಇದು ಸರಿಬರಲಿಲ್ಲ. ಹೆಂಗಸು ದಿಬ್ಬಣದ ಕಾರು ಬಿಡುವುದುಂಟೋ ಎಂದು ಗೊಣಗಿದರು. ಕೊನೆಗೆ, ಆಯಿತು, ಬಿಡು ಎಂದರು. ಒಪ್ಪಿದ ಮೇಲೆ ಮಾವ ಅರೆಮನಸ್ಸಿನ ಕೆಲಸ ಮಾಡುವವರಲ್ಲ. ಆಯುಧಪೂಜೆಯ ಬೆಳಿಗ್ಗೆ ತಾನೇ ಕಾರು ತೊಳೆಯಲು ನಿಂತರು.

ಜೀವಮಾನವಿಡೀ ಜೀಪು ಇಟ್ಟವರು ಅವರು. ಜೀಪನ್ನು ತೊಳೆಯುವುದೆಂದರೆ ಬಾಗಿಲು ತೆರೆದು ಒಳಗೂ ಪೈಪಿನಿಂದ ನೀರು ಬಿಡುವುದು. ನನ್ನ ಕಾರಿಗೂ ಅದೇ ಅಭಿಷೇಕವಾಯಿತು. ಆಮೇಲೆ ಕುಂಕುಮ ಕಲಸಿದ ನೀರನ್ನು ಡ್ಯಾಷ್‌ಬೋರ್ಡಿನ ಮೇಲೆ ಧಾರಾಳವಾಗಿ ಪ್ರೋಕ್ಷಣೆ ಮಾಡಿದರು. ಆರತಿಯಾಯಿತು, ಕುಂಬಳಕಾಯಿ ಒಡೆದಾಯಿತು. ಕಾರು ಮಾತ್ರ ಸ್ಟಾರ್ಟ್ ಆಗಲಿಲ್ಲ.

ಯಾರೋ ಬಂದು ಪ್ಲಗ್ ಬದಲಿಸಿದರು, ಇನ್ಯಾರೋ ಎಂಜಿನ್ನಿಗೆ ಪೆಟ್ರೋಲ್ ತಳ್ಳುವ ಪಂಪ್ ಬದಲಿಸಿದರು. ಸೆಲ್ಫ್ ತಿರುಗುತ್ತಿತ್ತು, ಎಂಜಿನ್ ಹಿಡಿಯುತ್ತಿರಲಿಲ್ಲ. ಮಾವ ಮತ್ತೆ ಹಳೆಯ ರಾಗಕ್ಕೆ ಬಂದರು. "ಮದರಂಗಿಯ ದಿನದ ಒಳಗೆ ಇದು ಓಡದಿದ್ರೆ ನಾನು ಬಾಡಿಗೆ ಕಾರು ಹೇಳ್ತೇನೆ. ಇದನ್ನು ಗುಜರಿಗೆ ಕೊಡುವ." ಶಶಿ ಎದ್ದು ಒಳಗೆ ಹೋದಳು. ನಾನು ಕಾರನ್ನು ಮಾವನ ಜೀಪಿಗೆ ಕಟ್ಟಿ ಎಳೆಸಿಕೊಂಡು ಅದ್ರಾಮಾಕರ ಅಂಗಳಕ್ಕೆ ತಂದೆ.

ಅವರು ಚಾವಿ ತಿರುಗಿಸಿ ಮೀಟರನ್ನೇ ನೋಡುತ್ತ ಕುಳಿತರು. "ಎಲ್ಲ ದೀಪ ಹೊತ್ತಿತು. ಎಂಜಿನ್ ದೀಪ ಮಾತ್ರ ಹೊತ್ತಲಿಲ್ಲ. ಕಾರಿಗೆ ಎಂಥ ಮಾಡಿದ್ರಿ?"

"ಪೂಜೆ ಮಾಡಿದೆವು."

"ಪೂಜೆ ಒಳ್ಳೆದೇ. ಅದಕ್ಕಿಂತ ಮೊದಲು?"

ಹೇಳಿದೆ. ಅವರು ಎಡಗಡೆಯ ಮ್ಯಾಟ್ ಎತ್ತಿ ಮೂಸಿದರು, ಡ್ಯಾಷ್‌ಬೋರ್ಡಿನ ಕೆಳಗೆ ಕೈಹಾಕಿ ಒಂದು ತಗಡಿನ ಪೆಟ್ಟಿಗೆಯನ್ನು ಬಿಚ್ಚಿ ತೆಗೆದರು. ಒಳಗಿನ ಪಿನ್ನುಗಳಲ್ಲಿ ಹಸಿರು ಕಿಲುಬು, ಮೂಲೆಯಲ್ಲಿ ಕೆಂಪು ನೀರು. "ಇದು ಕಾರಿನ ಕಂಪ್ಯೂಟರ್, ಮಿದುಳು ಅಕ್ಕ. ಎಂಜಿನ್ ದೀಪ ಹೊತ್ತಿಸುವುದೂ ಇದೇ. ನಿಮ್ಮ ಮಾವ ಇದಕ್ಕೇ ತೀರ್ಥ ಕುಡಿಸಿದ್ದಾರೆ."

ಆ ಪೆಟ್ಟಿಗೆ ಹೊಸತು ಎಲ್ಲೂ ಸಿಗುತ್ತಿರಲಿಲ್ಲ. ಬಂಟ್ವಾಳದ ಗುಜರಿಯಿಂದ ಒಂದು ಬಂತು. ನೋಡಲು ಅಚ್ಚು ಅದೇ, ಆದರೆ ಮೇಲೆ ಬರೆದ ನಂಬರಿನ ಕೊನೆಯ ಅಕ್ಷರ ಬೇರೆ. ಕೂರಿಸಿ ನೋಡಿ ಎಂದು ಮಾವ ಒತ್ತಾಯಿಸಿದರು. ಅದ್ರಾಮಾಕ ಅದನ್ನು ಬಟ್ಟೆಯಲ್ಲಿ ಸುತ್ತಿ ವಾಪಸು ಕೊಟ್ಟರು. "ಅಣ್ಣ ತಮ್ಮ ಒಂದೇ ಹಾಗೆ ಕಾಣ್ತಾರೆ. ಹಾಗಂತ ಅಣ್ಣನಿಗೆ ನಿಶ್ಚಯವಾದ ಹುಡುಗಿಯ ಪಕ್ಕ ತಮ್ಮನನ್ನು ಕೂರಿಸ್ತೀರಾ ಸಂಜೀವಣ್ಣ?"

ಸರಿಯಾದ ಜೋಡಿ ಸಿಕ್ಕಿದ್ದು ಮೂಡುಬಿದಿರೆಯಲ್ಲಿ, ಲಾರಿ ಗುದ್ದಿ ಹಿಂಭಾಗ ಚಪ್ಪಟೆಯಾಗಿದ್ದ ಒಂದು ಕಾರಿನಲ್ಲಿ. ನಾನೂ ಅವರೂ ಬಸ್ಸಿನಲ್ಲಿ ಹೋಗಿ ತಂದೆವು. ವಾಪಸು ಬರುವಾಗ ಅವರ ತೊಡೆಯ ಮೇಲಿದ್ದ ಗಂಟನ್ನು ನೋಡಿ ಪಕ್ಕದವನು ಒಳಗೆ ಎಂಥದ್ದು ಎಂದ. "ಮಿದುಳು." "ಆಡಿನದ್ದಾ?" "ಅಲ್ಲ, ಮದುಮಗಳ ಕಾರಿದ್ದು." ಆತ ಆಮೇಲೆ ನಮ್ಮ ಕಡೆ ತಿರುಗಿ ನೋಡಲಿಲ್ಲ.

ಮದರಂಗಿಯ ದಿನ ಬೆಳಿಗ್ಗೆ ಜೋಡಿಸುವ ಕೆಲಸ. ಮಾವ ನಾಲ್ಕು ನಿಂಬೆಹಣ್ಣು ಹಿಡಿದುಕೊಂಡು ಬಂದಿದ್ದರು. ಬಾಡಿಗೆ ಕಾರಿನವನಿಗೂ ಹೇಳಿಟ್ಟಿದ್ದರೆಂದು ನನಗೆ ಗೊತ್ತಿತ್ತು. ಅದ್ರಾಮಾಕ ಬ್ಯಾಟರಿಯ ವಯರು ಕಳಚಿದರು. ಹಳೆಯ ಜಾಗದಲ್ಲಿ ಪೆಟ್ಟಿಗೆ ಇಡಲು ಅವರಿಗೆ ಮನಸ್ಸಿಲ್ಲ. ಮೇಲೆ, ನೀರು ಮುಟ್ಟದ ಕಡೆ ಪಟ್ಟಿ ಹೊಡೆದು ಕೂರಿಸಬೇಕು. ಅದಕ್ಕಾಗಿ ಅವರು ಕಾಲು ಹೊರಗೆ ಚಾಚಿ, ಕಾರಿನ ನೆಲದ ಮೇಲೆ ಅಂಗಾತ ಮಲಗಿಬಿಟ್ಟರು. ಅವರು ಹಾಗೆ ಮಲಗಿದ್ದನ್ನು ಪೇಟೆ ಅದುವರೆಗೆ ಕಂಡಿರಲಿಲ್ಲ. ಪಕ್ಕದ ಹೋಟೆಲಿನವರು, ರಿಕ್ಷಾದವರು ಒಬ್ಬೊಬ್ಬರೇ ಬಂದು ನಿಂತರು. ಬಹಳ ಹೊತ್ತಾಯಿತು. ಒಳಗಿನಿಂದ ಬೈಗುಳವೂ ಇಲ್ಲ, ಬಡಾಯಿಯೂ ಇಲ್ಲ.

ಎದ್ದು ಬಂದವರು ಬ್ಯಾಟರಿಯ ವಯರು ಮತ್ತೆ ಸಿಕ್ಕಿಸಿ, "ಚಾವಿ ನೀವೇ ತಿರುಗಿಸಿ ಅಕ್ಕ" ಎಂದರು.

ತಿರುಗಿಸಿದೆ. ಎಂಜಿನ್ ದೀಪ ಹೊತ್ತಿಕೊಂಡಿತು. ಸೆಲ್ಫ್ ಹೊಡೆದೆ. ಎಂಜಿನ್ ಹಿಡಿಯಿತು, ದೀಪ ಆರಿತು, ಕಾರು ಏನೂ ಆಗಿರಲೇ ಇಲ್ಲವೆಂಬಂತೆ ಓಡತೊಡಗಿತು. ಸಂತೋಷಕ್ಕೆ ನಾನು ಅಳುತ್ತಿದ್ದೆ. ಮಾವ ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟು, ಅಭ್ಯಾಸಬಲದಿಂದ ಒಂದು ಚೊಂಬು ನೀರಿಗೆ ಕೈಹಾಕಿದರು. ಅಂಗಳದಲ್ಲಿದ್ದವರೆಲ್ಲ ಒಟ್ಟಿಗೆ ಬೇಡ ಎಂದರು. ಅದ್ರಾಮಾಕ ಮಾತ್ರ ನಕ್ಕರು. "ಹೊಯ್ಯಲಿ. ಇನ್ನು ಸಮುದ್ರ ತಂದು ಹೊಯ್ದ್ರೂ ಅಲ್ಲಿಗೆ ಮುಟ್ಲಿಕ್ಕಿಲ್ಲ."

ಆಗಲೇ ನಾನು ಅವರ ಬೆನ್ನು ನೋಡಿದ್ದು. ಬಿಳಿ ಅಂಗಿಯ ಹೆಗಲಿನಿಂದ ಸೊಂಟದವರೆಗೆ ಮ್ಯಾಟಿನಡಿಯ ಕುಂಕುಮದ ಕೆಸರು. ನಾನು ತೋರಿಸಿದೆ. ಅವರು ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದರು: "ಇದು ಹುಡುಕಿ ಮಾಡಿದ ಕೆಲಸ ಅಕ್ಕ. ನಾನು ಇಂಥ ಪೆಟ್ಟಿಗೆ ಬಿಚ್ಚಿದ್ದು ಇದೇ ಮೊದಲು."

ಮದುವೆಯ ಬೆಳಿಗ್ಗೆ ಶಶಿಯನ್ನು ಕೂರಿಸಿಕೊಂಡು ಹೊರಟಾಗ ಅವರು ಗ್ಯಾರೇಜಿನ ಮುಂದೆ ಹೊಸ ಬಿಳಿ ಅಂಗಿಯಲ್ಲಿ ಕಾಯುತ್ತಿದ್ದರು. ಕಾರು ನಿಲ್ಲಿಸಿ, ಬಾನೆಟ್ಟಿಗೆ ಕಿವಿಯಿಟ್ಟು ಕೇಳಿ, "ಹೋಗಿ ಬನ್ನಿ" ಎಂದರು. ನಾನು ದಾರಿಯುದ್ದಕ್ಕೂ ಬೇಡವಾದಲ್ಲೂ ಹಾರ್ನ್ ಹೊಡೆದೆ. ಹಾಲ್‌ನಲ್ಲಿ ಇಳಿಯುತ್ತಲೇ ಮಾವ ಬೀಗರಿಗೆ ಹೇಳಿದ ಮೊದಲ ಮಾತು, "ಕಾರು ಬಿಟ್ಟದ್ದು ನಮ್ಮ ಹುಡುಗಿಯೇ."

ಕಲೆಯಾದ ಅಂಗಿಯನ್ನು ಅದ್ರಾಮಾಕ ಒಗೆಯಲು ಕೊಡಲಿಲ್ಲ. ಗ್ಯಾರೇಜಿನ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದರು. ಕಂಪ್ಯೂಟರ್ ಕಾರು ತಂದು ಅನುಮಾನದಿಂದ ನೋಡುವವರಿಗೆ ಅದನ್ನು ತೋರಿಸಿ, "ನನ್ನ ಸರ್ಟಿಫಿಕೇಟ್" ಎನ್ನುತ್ತಿದ್ದರು. ಅಂಗಳದಲ್ಲಿ ಮತ್ತೆ ಗಾಡಿಗಳು ಸಾಲುಗಟ್ಟಿದವು. ಕೊನೆಯ ಬಾರಿ ಕಂಡಾಗ ಅವರಿಗೆ ಹುಷಾರಿರಲಿಲ್ಲ. ಆದರೂ ನನ್ನ ಕಾರಿನ ಸದ್ದಿಗೆ ಮಲಗಿದಲ್ಲಿಂದಲೇ, "ಚೆನ್ನಾಗಿ ಉಂಟು, ಒಳಗೆ ಬನ್ನಿ" ಎಂದು ಕರೆದರು.

ಈಗ ಅವರಿಲ್ಲ. ಕಾರು ಇದೆ. ಆಯುಧಪೂಜೆಗೆ ಹೊರಗೆ ಮಾತ್ರ ತೊಳೆಯುತ್ತೇನೆ, ಒಳಗೆ ಒಣ ಬಟ್ಟೆಯಲ್ಲಿ ಒರೆಸುತ್ತೇನೆ. ಆಮೇಲೆ ಎಡಗಡೆ ಬಗ್ಗಿ, ಡ್ಯಾಷ್‌ಬೋರ್ಡಿನಡಿ ಕೈಯನ್ನು ಮೇಲಕ್ಕೆ ಚಾಚಿ, ಆ ಪೆಟ್ಟಿಗೆಗೆ ಒಣ ಕುಂಕುಮದ ಒಂದು ಬೊಟ್ಟು ಇಡುತ್ತೇನೆ. ಅಷ್ಟು ಮಾಡುವಷ್ಟರಲ್ಲಿ ನನ್ನ ತೋಳಿಗೂ ಕೆಂಪು ಹತ್ತಿರುತ್ತದೆ. ಒರೆಸಿಕೊಳ್ಳದೆ ಚಾವಿ ತಿರುಗಿಸುತ್ತೇನೆ. ಒಂದೇ ಸೆಲ್ಫಿಗೆ ಸ್ಟಾರ್ಟ್ ಆಗುತ್ತದೆ.