ಸ್ವಾಗತಾ ಮುಗಿಯೂದ್ರಾಗ ನೆಟ್ ಖಲಾಸ್

"ಮೊದಲ ಆ ಶಾಲು ತಗೀರಿ ಸರ!"

ನಾ ಒದರಿದ್ದಕ್ಕ ಗಣಿತದ ಮಠಪತಿ ಸರ ಗಾಬರಿ ಆದ್ರು. ಇಸ್ತ್ರಿ ಅಂಗಿ, ಹೆಗಲ ಮ್ಯಾಲ ಶಾಲು, ಬಾಜೂಕ ಹೂವಿನ ಕುಂಡ. ಮೊಬೈಲ್ ಕ್ಯಾಮೆರಾ ಚಾಲೂ ಐತಿ. ಗೋಕಾಕದ ಸಣ್ಣ ಕಾಲೇಜಿನ್ಯಾಗ ಪಾಠ ರೆಕಾರ್ಡ್ ಮಾಡಾಕತ್ತಿದ್ವಿ. ಪಾಠ? ಐದ ನಿಮಿಷ ಆತು, ಸರ ಇನ್ನೂ ಪ್ರಿನ್ಸಿಪಾಲರನ್ನ ಸ್ವಾಗತಾ ಮಾಡಾಕತ್ತಿದ್ರು. ಪ್ರಿನ್ಸಿಪಾಲರು ಅಲ್ಲಿ ಇರಲೇ ಇಲ್ಲ!

ನಾ ಹತ್ತನೇ ಕ್ಲಾಸಿಗೆ ಸಾಲಿ ಬಿಟ್ಟಾಂವ. ಮೊಬೈಲ್ ರಿಪೇರಿ ಅಂಗಡಿ ನಂದು. (ಇಂಥಾಂವಗ ಕಾಲೇಜಿನ ಕೆಲಸ ಯಾಕ ಕೊಟ್ರು? ಕಂಪನಿಯವರ ರೇಟ್ ಕೇಳಿ ಪ್ರಿನ್ಸಿಪಾಲರು ಎರಡ ಗ್ಲಾಸ್ ನೀರ ಕುಡದ್ರಂತ. ಅದಕ್ಕ.) ಗೋಕಾಕ, ಮೂಡಲಗಿ, ಹುಕ್ಕೇರಿ, ಮೂರೂ ಊರಿನ ಸಣ್ಣ ಕಾಲೇಜು ಕೂಡಿ ಕಡಿಮಿ ಖರ್ಚಿನ್ಯಾಗ ಆನ್‌ಲೈನ್ ಪಾಠ ಬೇಕಂದ್ರು. ಲ್ಯಾಬ್‌ನ್ಯಾಗ ಧೂಳ ಹಿಡದಿದ್ದ ಹಳೇ ಕಂಪ್ಯೂಟರ್, ಫ್ರೀ ಸಾಫ್ಟ್‌ವೇರ್, ನನ್ನ ಎರಡ ಕೈ. ಆತು. ಮೊಬೈಲ್ ತಗದ್ರ ಪಾಠ ಬರತಿತ್ತು.

ಬರತಿತ್ತು ಖರೆ. ಆದ್ರ ಹಿಂದಿನ ದಿನ ಅಂಕಲಗಿಯಿಂದ ಸವಿತಾ ಫೋನ್ ಮಾಡಿದ್ಳು. ಕೊನೇ ವರ್ಷದಾಕಿ. ಲಗ್ನ ಆಗೇತಿ, ಐದ ತಿಂಗಳ ಕೂಸು. ದಿನಾ ಬಸ್ ಹತ್ತಾಕ ಆಗೂದಿಲ್ಲ. ಗಣಿತ ಒಂದ್ಸಲ ಫೇಲ್. ಈ ಸಲನೂ ಹೋದ್ರ ಕಾಲೇಜ್ ಸಾಕು ಅಂತ ಅತ್ತಿ ಹೇಳಿಬಿಟ್ಟಾಳ.

"ಅಣ್ಣಾ, ಸ್ವಾಗತಾ ಮುಗಿಯೂದ್ರಾಗ ನನ್ನ ನೆಟ್ ಖಲಾಸ್. ನೆಟ್ ಉಳದ್ರ ಕೂಸು ಏಳತೈತಿ. ಲೆಕ್ಕ ಯಾವಾಗ ನೋಡ್ಲಿ?"

ಅದಕ್ಕ ನಾ ಒದರಿದ್ದು.

"ಸ್ವಾಗತಾ ಇಲ್ಲದ ಹೆಂಗಪಾ? ರೀತಿ ರಿವಾಜು ಬ್ಯಾಡೇನು?" ಅಂದ್ರು ಸರ.

"ಕ್ಲಾಸಿನ್ಯಾಗ ದಿನಾ ಸ್ವಾಗತಾ ಮಾಡ್ತೀರೇನ್ರಿ?"

"ಇಲ್ಲ. ಆದ್ರ ಇದು ಕ್ಯಾಮೆರಾ..."

ಇವರ ಕೂಡ ಯಾವಾಂವ ವಾದಾ ಮಾಡಬೇಕು? ಸವಿತಾಗ ಫೋನ್ ಹಚ್ಚಿದ್ನಿ, ಸ್ಪೀಕರ್ ಇಟ್ನಿ. "ಸರ ಇಲ್ಲೇ ಅದಾರ, ನೀನ ಹೇಳು."

ಆಕಿ ತಡವರಿಸಿದ್ಳು. ಆಮ್ಯಾಲ ಅಂದ್ಳು, "ಸರ, ನೀವು ಕ್ಲಾಸಿನ್ಯಾಗ ಹೇಳಿದ್ದು ತಲ್ಯಾಗ ಕುಂದರತಿತ್ರಿ. ಮೊಬೈಲಿನ್ಯಾಗಿನ ಸರ ಬ್ಯಾರೇನ ಅದಾರ್ರಿ."

ಸರ ಶಾಲು ಮಡಚಿ ಕುರ್ಚಿ ಮ್ಯಾಲ ಇಟ್ರು.

ಎರಡ ಕಡೆ ಪುಸ್ತಕ ಒಟ್ಟಿ, ಮ್ಯಾಲ ಫೂಟ್‌ಪಟ್ಟಿ ಇಟ್ಟು, ಅದಕ್ಕ ಮೊಬೈಲ್ ಕಟ್ಟಿದ್ನಿ. ಕೆಳಗ ನೋಟ್‌ಬುಕ್. ಸರನ ಮಾರಿ ಇಲ್ಲ, ಬರೇ ಕೈ ಮತ್ತ ದನಿ. ಏಳ ನಿಮಿಷದಾಗ ಒಂದ ಲೆಕ್ಕ. ಫೈಲ್ ಸಣ್ಣದು.

ಸಂಜಿಕ ಸವಿತಾನ ಮೆಸೇಜ್: "ತಿಳೀತ್ರಿ ಸರ. ಕೂಸು ಇನ್ನೂ ಮಲಗೈತಿ."

ಸರ ಅದನ್ನ ನನಗ ಮೂರ ಸಲ ಓದಿ ತೋರ್ಸಿದ್ರು.

ಈಗ ಮೂಡಲಗಿಯೊಳಗೂ ಹೂವಿನ ಕುಂಡ ತಗದಾರ. ಹುಕ್ಕೇರಿ ಮೇಡಮ್ ಒಬ್ರು ಮಾತ್ರ ಪಾಠಕ್ಕಿಂತ ಮೊದಲ ಪ್ರಾರ್ಥನಾ ಹಾಡ್ತಾರ. (ಚಲೋ ಹಾಡ್ತಾರ. ಆದ್ರೂ ಕಟ್ ಮಾಡ್ತೇನಿ.)

ಹೋದ ವಾರ ರಿಸಲ್ಟ್ ಬಂತು. ಸವಿತಾ ಪಾಸ್. ಅತ್ತಿ ತಾನ ಓಣಿಗೆಲ್ಲಾ ಕರದಂಟ ಹಂಚ್ಯಾಳಂತ.

ನಿನ್ನೆ ಮಠಪತಿ ಸರ ಅಂಗಡಿಗೆ ಬಂದಿದ್ರು. ಕಾಲೇಜಿನ್ಯಾಗ ನನಗ ಸತ್ಕಾರ ಇಟ್ಟಾರಂತ. ಅದ ಶಾಲು ಹೊಚ್ಚತಾರಂತ. ಸ್ವಾಗತ ಭಾಷಣ ಸರಂದ.

"ಎಷ್ಟ ನಿಮಿಷರಿ?" ಅಂದ್ನಿ.

ಇಷ್ಟ. ಹೇಳೂದು ಮುಗೀತು. ವಂದನಾರ್ಪಣಿ ಇಲ್ಲ.