ಕುದುರೆ ಕುಂಟುತ್ತಿರಲಿಲ್ಲ

ಇದನ್ನು ಇಷ್ಟು ವರ್ಷ ಮುಂದೂಡುತ್ತಲೇ ಬಂದೆ. ಬರೆಯಲು ಕುಳಿತಾಗಲೆಲ್ಲ ಮೊದಲು ಕಣ್ಣ ಮುಂದೆ ಬರುವುದು ಅವರ ಬಲಗೈ. ಹಗ್ಗ ಹಿಡಿದು ಹಿಡಿದು ಬೆರಳುಗಳು ಪೂರ್ತಿ ಬಿಚ್ಚುತ್ತಿರಲಿಲ್ಲ. ಚಹಾದ ಕಪ್ಪನ್ನೂ ಎರಡು ಕೈಯಲ್ಲಿ ಹಿಡಿಯುತ್ತಿದ್ದರು. ಮುರಗೋಡದ ಸುತ್ತಲಿನವರೆಲ್ಲ ಅವರನ್ನು ಕುದುರಿ ಕಾಕಾ ಎನ್ನುತ್ತಿದ್ದರು. ಮದುವೆಯ ಮೆರವಣಿಗೆಗೆ ಕುದುರೆ ತರುವುದು ಅವರ ಉದ್ಯೋಗ. ಮರಿಯಿದ್ದಾಗಲೇ ಒಂದೇ ಬದಿಯ ಮುಂಗಾಲಿಗೂ ಹಿಂಗಾಲಿಗೂ ಮೆತ್ತನೆಯ ಹಗ್ಗ ಕಟ್ಟಿ, ಎರಡೂ ಒಟ್ಟಿಗೆ ಏಳುವಂತೆ ನಡೆಸಿ ಕಲಿಸುತ್ತಿದ್ದರು. ಹಾಗೆ ಕಲಿತ ಕುದುರೆ ತೊಟ್ಟಿಲಿನಂತೆ ತೂಗಿ ನಡೆಯುತ್ತದೆ. ಮೇಲೆ ಕುಳಿತವರಿಗೆ ಕುಲುಕಾಟವೇ ಇಲ್ಲ.

ಇದು ನನಗೆ ಆಗ ಗೊತ್ತಿರಲಿಲ್ಲ. ಎತ್ತಿನ ಕಾಲು ನೋಡಿ ಗುಣ ಹೇಳುವವನೆಂದು ಮಾತ್ರ ನನಗೆ ಹೆಸರಿತ್ತು. ತೊಂಬತ್ತರ ದಶಕದಲ್ಲಿ, ನಮ್ಮಣ್ಣನ ಮಗಳ ಮದುವೆಯ ದಿನ, ಕಾಕಾನ ಬಿಳಿ ಹೆಣ್ಣುಕುದುರೆಯ ಕಾಲಲ್ಲಿ ಕೂದಲು ಸವೆದದ್ದು ಕಂಡೆ. ಕಲಿಸುವಾಗಿನ ಹಗ್ಗ ಉಜ್ಜಿದ ಗುರುತೆಂದು ತಿಳಿಯದೆ ಹಳೆಯ ಗಾಯವೆಂದುಕೊಂಡೆ. ನಡೆಯೂ ವಿಚಿತ್ರವೆನಿಸಿತು. ಬೀಗರೆದುರು ದೊಡ್ಡ ದನಿಯಲ್ಲಿ ಅಂದೆ, “ಕುಂಟ ಕುದುರಿ ಮ್ಯಾಲ ಅಳಿಯನ್ನ ಕೂಡಸ್ತೀರೇನ?”

“ಕುಂಟ ಅಲ್ರಿ ಗೌಡ್ರ, ಅದರ ನಡಿಗೀನ ಹಂಗ. ನಾನ ಕಲಿಸೇನಿ.”

“ಕುಂಟೂದು ಕಲಿಸಾಕ ಸಾಲಿ ತೆಗದೀರೇನ?”

ಎಲ್ಲರೂ ನಕ್ಕರು. ವರನನ್ನು ಜೀಪಿನಲ್ಲಿ ಕೂರಿಸಿದೆವು. ಕಾಕಾನ ಕುದುರೆ ಅಪಶಕುನವೆಂಬ ಮಾತು ಸವದತ್ತಿಯವರೆಗೆ ಹೋಯಿತು. ಆಮೇಲೆ ಅವರನ್ನು ಯಾರೂ ಮದುವೆಗೆ ಕರೆಯಲಿಲ್ಲ.

ಅವರು ಕುದುರೆ ಮಾರಲಿಲ್ಲ. ಮಳೆಗಾಲದಲ್ಲಿ ಎರೆಮಣ್ಣು ಮೆತ್ತಿ ಗಾಡಿ ಹೋಗದ ಹೊಲದ ಮನೆಗಳಿಂದ ರೋಗಿಗಳನ್ನು ಡಾಂಬರು ರಸ್ತೆಗೆ ತಂದು ಬಿಡತೊಡಗಿದರು. ಒಂದು ಶ್ರಾವಣದಲ್ಲಿ ಹೊಲದ ಮನೆಯಲ್ಲಿದ್ದ ನನ್ನ ಸೊಸೆಗೆ ಹೆರಿಗೆ ಬೇನೆ ಶುರುವಾಯಿತು. ನಮ್ಮ ಟ್ರ್ಯಾಕ್ಟರ್ ಕೆಸರಿನಲ್ಲಿ ಹೂತಿತ್ತು. ಯಾರು ಹೇಳಿದರೋ, ಕಾಕಾ ಬಂದರು.

“ಜೂಲು ಹಿಡಕೊ ಯವ್ವಾ. ತವರಿಗಿ ಹೊಂಟೇನಿ ಅನ್ಕೊ.”

ನಾನು ಅವಳಿಗೆ ಆಸರೆಯಾಗಿ ಪಕ್ಕದಲ್ಲಿ ನಡೆದೆ. ಎಡಗಾಲು ಎರಡೂ ಒಟ್ಟಿಗೆ, ಬಲಗಾಲು ಎರಡೂ ಒಟ್ಟಿಗೆ, ಬೆನ್ನು ಅಲುಗಲಿಲ್ಲ. “ಮಾವಾರ, ಏನೂ ಕುಲಕವಲ್ದರಿ,” ಎಂದಳು ಸೊಸೆ.

ರಸ್ತೆ ಸೇರಿದ ಮೇಲೆ ಕಾಕಾ ನನ್ನ ಕಡೆ ನೋಡಿ, “ಹೆಣ್ಮಗಳು ಕುಂತಾಳಂತ ಇವತ್ತೊಂದಿನ ಕುಂಟೂದು ಬಿಟ್ಟೈತಿ ನೋಡ್ರಿ ಗೌಡ್ರ,” ಅಂದರು. ತಪ್ಪಾಯಿತು ಅನ್ನಬೇಕಾದಲ್ಲಿ ನಾನು ನಕ್ಕುಬಿಟ್ಟೆ. ಅವರೂ ನಕ್ಕರು. ಬೈಲಹೊಂಗಲದ ಆಸ್ಪತ್ರೆಯಲ್ಲಿ ಮೊಮ್ಮಗಳು ಸುಖವಾಗಿ ಹುಟ್ಟಿದಳು. ಸುಗ್ಗಿ ಮುಗಿಸಿ ಅವರ ಮನೆಗೆ ಹೋಗೋಣವೆಂದಿದ್ದೆ. ಅಷ್ಟರಲ್ಲಿ ಅವರು ತೀರಿಕೊಂಡರು.

ಅವರ ಮಗಳು ಕುದುರೆ ಸಾಕುವುದನ್ನು ಬಿಡಲಿಲ್ಲ. ಆ ಬಿಳಿ ಕುದುರೆ ಹಾಕಿದ ಮರಿಗೆ ಹಗ್ಗ ಕಟ್ಟುವ ಕೆಲಸವೇ ಬೀಳಲಿಲ್ಲ, ತಾನಾಗಿ ತೂಗಿ ನಡೆಯಿತು. ಅದು ಬೆಳೆದ ಮೇಲೆ, ಕಿತ್ತೂರಿನಲ್ಲಿ ನನ್ನ ಕಿರಿಯ ಮಗನ ಮದುವೆಗೆ ಅದನ್ನೇ ಕರೆಸಿದೆ. ಬೀಗರೊಬ್ಬರು ಅದರ ನಡೆ ನೋಡಿ ಮುಖ ಕಿವುಚಿದಾಗ, ಮದುಮಗನಿಗಿಂತ ಮೊದಲು ನಾನೇ ಹತ್ತಿ ಓಣಿ ಸುತ್ತಿ ಬಂದೆ.

“ಕುಂಟೂದಿಲ್ರಿ. ಹಂಗಂದು ಇದರ ತಾಯಿ ಹೆಸರ ಕೆಡಿಸಿದಾಂವ ನಾನ,” ಎಂದೆ.

ಈಗ ಮದುವೆಯ ಹಂಗಾಮಿನಲ್ಲಿ ಆ ಮಗಳಿಗೆ ಬಿಡುವಿಲ್ಲ. ಅಂದು ಕಿತ್ತೂರಿನ ಮಂಟಪದ ಮುಂದೆ ನಾನು ಆಡಿದ್ದನ್ನು ಊರೆಲ್ಲ ಕೇಳಿತು. ಕೇಳಬೇಕಾಗಿದ್ದವರು ಕುದುರಿ ಕಾಕಾ.