ಮುಖಪುಟಕ್ಕೆ ಬಾರದ ಭಾಷಣ

ಎಪ್ಪತ್ತರ ದಶಕದಲ್ಲಿ ನಾನು ಬೆಳಗಾವಿಯ ಒಬ್ಬ ಮುಖಂಡರಿಗೆ ಭಾಷಣ ಬರೆದುಕೊಡುತ್ತಿದ್ದೆ. ಖಾನಾಪುರದ ಕಡೆ ಸಭೆ ಇದ್ದರೆ ಕನ್ನಡದಲ್ಲೊಂದು, ಮರಾಠಿಯಲ್ಲೊಂದು. ಚಪ್ಪಾಳೆ ಎಲ್ಲಿ ಬೀಳುತ್ತದೆಂದು ಎರಡರಲ್ಲೂ ನನಗೆ ಗೊತ್ತಿತ್ತು.

ಆಮೇಲೆ ಒಂದು ದಿನಪತ್ರಿಕೆಯ ವರದಿಗಾರನಾದೆ. ನಂದಗಡದ ಸಂತೆಯ ದಿನ ಅದೇ ಮುಖಂಡರ ಸಭೆಗೆ ನನ್ನನ್ನು ಕಳಿಸಿದರು. ಮೊದಲ ವಾಕ್ಯದಲ್ಲೇ ತಿಳಿಯಿತು, ಅದು ನಾನು ಬರೆದ ಹಳೆಯ ಭಾಷಣ. ಊರಿನ ಹೆಸರಷ್ಟೇ ಬದಲಾಗಿತ್ತು. ಪೆನ್ನು ಮುಚ್ಚಿ ಜನರ ನಡುವೆ ಹೋಗಿ ಕುಳಿತೆ. ಹೆಂಗಸರು ಗುಂಜಿ ಊರಿಗೆ ಹೋಗುವ ಬಸ್ಸು ನಿಂತುಹೋದದ್ದಕ್ಕೆ ಬೈಯುತ್ತಿದ್ದರು. ಅದನ್ನೇ ಬರೆದೆ.

"ಭಾಷಣ ಎಲ್ಲೈತಿ?" ಎಂದರು ಸಂಪಾದಕರು.

"ಅದರಾಗ ಸುದ್ದಿ ಇಲ್ರಿ. ಹಳೇದು, ನಾನ ಬರದದ್ದು."

ವರದಿ ಕಸದ ಬುಟ್ಟಿಗೆ ಹೋಯಿತು. ನಾನು ಕೆಲಸ ಬಿಟ್ಟು ಖಾನಾಪುರದಲ್ಲಿ ಸ್ವಂತ ಪ್ರೆಸ್ ಹಾಕಿದೆ. ಅರ್ಧ ಕನ್ನಡ, ಅರ್ಧ ಮರಾಠಿಯ ವಾರಪತ್ರಿಕೆ ತಂದೆ. ಮೊದಲ ಸಂಚಿಕೆಯ ಮುಖಪುಟದಲ್ಲಿ ಆ ಬಸ್ಸಿನ ಸುದ್ದಿ. ನಂದಗಡದ ಸಂತೆಗೆ ಒಯ್ದೆ, ಸಂತೆ ಮುಗಿಯುವ ಮೊದಲೇ ಪ್ರತಿಗಳೆಲ್ಲ ಖಾಲಿ.

ಮರುವಾರ ಮುಖಂಡರೇ ಪ್ರೆಸ್ಸಿಗೆ ಬಂದರು. "ನಿನ್ನ ಪೇಪರನ್ಯಾಗ ನನ್ನ ಭಾಷಣ ಯಾಕ ಬರೂದಿಲ್ಲೋ?"

"ಹೊಸಾದು ಮಾಡ್ರಿ ಸಾಹೇಬ್ರ, ಮುಖಪುಟಕ್ಕ ಹಾಕತೀನಿ."

ಅವರು ಕುರ್ಚಿ ಎಳೆದುಕೊಂಡು ಕುಳಿತರು.

"ಹಂಗಾದ್ರ ಬರದು ಕೊಡು. ನಾ ಇಲ್ಲೇ ಕುಂತಿರ್ತೀನಿ."